ನೆಲಕ್ಕೆ ಬೀಳದ ಡಿಫೆಂಡರ್

ಹೋದ ವಾರ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಬಾಳೆಹಣ್ಣಿನ ಗಾಡಿಯೊಂದು ನಿಂತಿತ್ತು. ಕೆಂಪು ಬಾಳೆ. ಗಾಡಿಯವನು ನನ್ನನ್ನು ನೋಡಿದ್ದೇ ತಡ, "ಬರ್ರಿ ಸಾಹೇಬ್ರ, ಅಸಲೀ ಕಮಲಾಪುರದ್ದು" ಎಂದ. ಯಾರಾದರೂ ಅಸಲೀ ಎಂದರೆ ನಾನು ಹಣ್ಣನ್ನು ಒತ್ತಿ ನೋಡುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. ತೊಟ್ಟಿನ ಹತ್ತಿರ ಮೂಗಿಟ್ಟು ವಾಸನೆ ನೋಡುತ್ತೇನೆ. ನೀವೂ ಹಾಗೇ ಮಾಡಿ. ಒತ್ತಿದರೆ ಆ ಹಣ್ಣು ನಿಮ್ಮ ಕೊರಳಿಗೇ ಬಿತ್ತು. ಬೆಲೆ ಕೇಳಿದರೆ ನಿಮಗೆ ಬೇಕಾಗಿದೆ ಎಂದು ಅವನಿಗೆ ಗೊತ್ತಾಯಿತು. ಮೂಗಿಗೆ ಯಾರೂ ರೊಕ್ಕ ಕೇಳುವುದಿಲ್ಲ.

ಮೂಗಿಟ್ಟೆ. ಅಸಲೀನೇ. ಆ ವಾಸನೆಗೆ ಮೊಣಕಾಲಿಗೆ ತಣ್ಣನೆಯ ಕೆಸರು ತಾಗಿದ ಹಾಗಾಯಿತು. ಚೌಕಾಸಿ ಮಾಡುವುದನ್ನೇ ಮರೆತು ಅವನು ಹೇಳಿದ ಬೆಲೆಗೇ ಒಂದು ಡಜನ್ ತೆಗೆದುಕೊಂಡು ಖೂಬಾ ಪ್ಲಾಟಿನ ಮನೆಗೆ ಬಂದೆ. ನನ್ನ ಹೆಂಡತಿ ನಸೀಮಾ ಬೆಲೆ ಕೇಳಿದವಳೇ ನನ್ನ ಹಣೆ ಮುಟ್ಟಿ ನೋಡಿದಳು. "ತಬಿಯತ್ ಠೀಕ್ ಹೈ ನಾ?" ಮದುವೆಯಾದ ಮೇಲೆ ನಾನು ಒಂದು ವಸ್ತುವನ್ನು ಹೇಳಿದ ಬೆಲೆಗೆ ಕೊಂಡದ್ದು ಅದೇ ಮೊದಲು.

ನನಗೆ ಆ ವಾಸನೆಯೆಂದರೆ ಒಂದು ಮಳೆಗಾಲ. ಆಟ ಬಿಟ್ಟು ಊರಿಗೆ ಬಂದು ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಕೋಚ್ ಆದ ಮೊದಲ ವರ್ಷ.

ನಮ್ಮ ತಂದೆಯದು ಸ್ಟೇಶನ್ ಬಜಾರದಲ್ಲಿ ಬ್ಯಾಗು, ಸೂಟ್‌ಕೇಸು ರಿಪೇರಿ ಮಾಡುವ ಪುಟ್ಟ ಅಂಗಡಿ. ರೈಲು ಬರಲು ಹತ್ತು ನಿಮಿಷ ಇದ್ದಾಗ ಜಿಪ್ಪು ಹರಿದುಕೊಂಡು ಬಂದವನ ಜೊತೆ ಹೇಗೆ ಮಾತಾಡಬೇಕು, ಲಾಡ್ಜಿನಲ್ಲಿ ನಾಳೆಯವರೆಗೂ ಇರುವವನ ಜೊತೆ ಹೇಗೆ ಮಾತಾಡಬೇಕು, ಇದನ್ನು ಅಲ್ಲಿ ಕೂತು ಕಲಿತೆ. ನನ್ನ ಮೊದಲ ಚೆಂಡಿಗೆ ಅವರೇ ಬ್ಯಾಗಿನ ದಾರದಿಂದ ಹೊಲಿಗೆ ಹಾಕಿದ್ದರು. ಆ ಚೆಂಡಿನಿಂದ ಶುರುವಾದದ್ದು ಗೋವಾ, ಕೋಲ್ಕತ್ತಾ, ಮತ್ತೆ ಗೋವಾ ಎಂದು ಹದಿನಾರು ವರ್ಷ ನಡೆಯಿತು. ನನ್ನ ಜಾಗ ಹಿಂದಿನ ಸಾಲಿನ ನಡುವೆ. ಮುಂದೆ ಗೋಲು ಹೊಡೆದವನ ಫೋಟೊ ಪೇಪರಿನಲ್ಲಿ ಬರುತ್ತದೆ, ಹಿಂದೆ ಗೋಲು ತಡೆದವನ ಸಂಬಳ ತಡವಾಗಿ ಬರುತ್ತದೆ. ಹಾಗಾಗಿ ಪ್ರತಿ ಕರಾರಿನಲ್ಲೂ ನಾನೇ ಕೂತು ಮಾತಾಡಿದ್ದೇನೆ, ಏಜೆಂಟರನ್ನು ಹತ್ತಿರ ಬಿಟ್ಟಿಲ್ಲ.

ನನಗೆ ಹೆಸರು ಬಂದದ್ದು ಒಂದೇ ಕಾರಣಕ್ಕೆ. ಖಾಜಾ ನೆಲಕ್ಕೆ ಬೀಳುವುದಿಲ್ಲ ಎನ್ನುತ್ತಿದ್ದರು. ಎದುರಿನವನು ಚೆಂಡು ತೆಗೆದುಕೊಂಡು ಓಡಿಬಂದಾಗ ಡಿಫೆಂಡರ್ ಆದವನು ಜಾರಿ ಬಿದ್ದು, ಕಾಲು ಚಾಚಿ, ಚೆಂಡನ್ನು ಅವನ ಕಾಲಡಿಯಿಂದ ಕಸಿಯುತ್ತಾನೆ. ಸ್ಲೈಡಿಂಗ್ ಎನ್ನುತ್ತಾರೆ. ನಾನು ಒಮ್ಮೆಯೂ ಹಾಗೆ ಮಾಡುತ್ತಿರಲಿಲ್ಲ. ನಿಂತುಕೊಂಡೇ, ಬದಿಗೆ ಸರಿಯುತ್ತಾ, ಎದುರಿನವನನ್ನು ಗೆರೆಯ ಕಡೆ ತಳ್ಳಿಕೊಂಡು ಹೋಗಿ ಚೆಂಡು ತೆಗೆಯುತ್ತಿದ್ದೆ. ಕ್ಲೀನ್ ಪ್ಲೇಯರ್ ಎಂದರು, ತಾಳ್ಮೆ ಎಂದರು, ಎಳೆಯ ಆಟಗಾರರಿಗೆ ನನ್ನನ್ನು ತೋರಿಸಿ ನೋಡಿ ಕಲಿಯಿರಿ ಎಂದರು. ಹೊಗಳಿಕೆಯನ್ನು ಯಾಕೆ ಬೇಡವೆನ್ನಲಿ? ಕರಾರಿನ ಹೊತ್ತಿಗೆ ಅದೂ ಕೆಲಸಕ್ಕೆ ಬರುತ್ತಿತ್ತು. ನಿಜವಾದ ಕಾರಣ ನಸೀಮಾಗೆ ಮಾತ್ರ ಹೇಳಿದ್ದೆ.

ಮೊಣಕಾಲು ಇನ್ನು ಸಾಕು ಎಂದಿತು, ಊರಿಗೆ ಬಂದೆ. ಹದಿನೆಂಟು ಹುಡುಗಿಯರ ತಂಡ ಸಿಕ್ಕಿತು. ಬೇಸಿಗೆ ಚೆನ್ನಾಗಿ ಕಳೆಯಿತು. ಜೂನ್ ಕೊನೆಗೆ ಮಳೆ ಹಿಡಿಯಿತು ನೋಡಿ, ಎಲ್ಲ ನಿಂತಿತು. ನಮ್ಮ ಕಲಬುರಗಿಯ ಕಪ್ಪು ಎರಿ ಮಣ್ಣು ಬಲ್ಲವರಿಗೆ ಹೇಳಬೇಕಾಗಿಲ್ಲ. ಒಣಗಿದರೆ ಬಿರುಕಿನಲ್ಲಿ ಕಾಲು ಹೋಗುತ್ತದೆ, ತೋಯ್ದರೆ ನಾದಿದ ಹಿಟ್ಟು. ಎರಡು ಸುತ್ತು ಓಡುವುದರಲ್ಲಿ ಒಂದೊಂದು ಬೂಟಿಗೂ ಒಂದೊಂದು ಮುದ್ದೆ ಮಣ್ಣು. ಗೋಲ್‌ಕೀಪರ್ ರುಬೀನಾ ಬೂಟು ಬಿಚ್ಚಿ ಕೈಯಲ್ಲಿ ತೂಗಿ, "ಸರ್, ಇದನ್ನ ಹಾಕ್ಕೊಂಡು ಒದ್ರ ಚೆಂಡ ಹೋಗಂಗಿಲ್ಲ, ಬೂಟೇ ಹೋಗ್ತದ" ಎಂದಳು. ಮಳೆ ಮುಗಿದ ಕೂಡಲೇ ವಿಭಾಗ ಮಟ್ಟದ ಪಂದ್ಯಗಳಿದ್ದವು. ಮೂರು ತಿಂಗಳು ಚೆಂಡು ಮುಟ್ಟದ ತಂಡವನ್ನು ಕರೆದುಕೊಂಡು ಹೋಗಿ ಸೋತು ಬಂದರೆ ಮುಂದಿನ ವರ್ಷ ತಂಡವನ್ನೇ ಮುಚ್ಚುತ್ತೇವೆ ಎಂದು ಮೇಲಿನವರು ಮೊದಲೇ ಹೇಳಿಟ್ಟಿದ್ದರು.

ಆಗ ಅಂಬಿಕಾ ಬಾಯಿ ಬಿಟ್ಟಳು. ಹದಿನಾರರ ಹುಡುಗಿ, ನನ್ನದೇ ಜಾಗದಲ್ಲಿ ಆಡುವವಳು, ದಿನಾ ಬಸ್ಸಿನಲ್ಲಿ ಕಮಲಾಪುರದಿಂದ ಬಂದು ಹೋಗುವವಳು. ಮಾತು ಕಡಿಮೆ.

"ಸರ್, ನಮ್ಮ ಬಾಳಿ ತೋಟದ ಬಾಜೂಕ ಬೀಳ ಬಿದ್ದ ಮಡ್ಡಿ ಅದ. ಕೆಂಪು ಮಸಾರಿ ಮಣ್ಣು. ಮಳಿ ನಿಂತ ಅರ್ಧಾ ತಾಸಿನ್ಯಾಗ ನೀರೆಲ್ಲಾ ಇಂಗ್ತದ."

"ಯಾರದು ಜಾಗ?"

"ನಮ್ಮಪ್ಪಂದ್ರಿ. ಶರಣಪ್ಪ ಅಂತ. ಹಿಂದ ಅವರೂ ಆಡ್ತಿದ್ರು. ಕಾಲ ಮುರೀತಂತ, ಬಿಟ್ರು."

ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರು ಆರು ತಿಂಗಳಿನಿಂದ ಇತ್ತು. ಕಮಲಾಪುರದ ಕಡೆ ಶರಣಪ್ಪ ಎಂಬ ಹೆಸರಿನವರು ಓಣಿಗೆ ನಾಲ್ಕು ಜನ ಸಿಗುತ್ತಾರೆ ಎಂದು ನಾನೇ ನನಗೆ ಹೇಳಿಕೊಂಡು ಬಂದಿದ್ದೆ.

ಆ ಕಾಲು ಮುರಿದದ್ದು ನಾನು. ನನಗೆ ಹತ್ತೊಂಬತ್ತು ವರ್ಷ, ಅವನಿಗೆ ಇಪ್ಪತ್ತಿರಬಹುದು. ಕಲಬುರಗಿಯ ಮೈದಾನದಲ್ಲಿ ನಮಗೂ ಕಮಲಾಪುರದವರಿಗೂ ಫೈನಲ್. ಹೊರಗಿನಿಂದ ಆಟಗಾರರನ್ನು ಆರಿಸುವವರು ಬಂದಿದ್ದರು, ಅವರ ಕಣ್ಣು ಇದ್ದದ್ದು ಶರಣಪ್ಪನ ಮೇಲೆ. ಅವನ ಓಟವೇ ಹಾಗಿತ್ತು. ಹಿಂದಿನ ದಿನ ಮಳೆಯಾಗಿ, ಬೆಳಗಿನ ಬಿಸಿಲಿಗೆ ಮೇಲಿನ ಮಣ್ಣು ಹಪ್ಪಳದಂತೆ ಒಣಗಿತ್ತು. ಎರಿ ನೆಲದಲ್ಲೇ ಹುಟ್ಟಿ ಬೆಳೆದ ನಾವು ಆ ಹಪ್ಪಳ ನೋಡಿ ಒಣಗಿದೆ ಎಂದುಕೊಂಡು ಇಳಿದೆವು, ಒಬ್ಬರೂ ಬೆರಳು ಒತ್ತಿ ನೋಡಲಿಲ್ಲ. ಆಟ ಮುಗಿಯಲು ಸ್ವಲ್ಪ ಇದ್ದಾಗ ಅವನು ನನ್ನನ್ನು ದಾಟಿ ಹೊರಟ. ನಾನು ಜಾರಿ ಬಿದ್ದೆ. ಒಣ ನೆಲವಾಗಿದ್ದರೆ ಸರ್ರನೆ ಜಾರಿ ಚೆಂಡಿಗೆ ಕಾಲು ತಾಗಬೇಕಿತ್ತು. ಕೆಳಗಿನ ಹಸಿ ಮಣ್ಣು ನನ್ನನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸಿತು, ವೇಗವೆಲ್ಲ ಚಾಚಿದ ಕಾಲಿಗೆ ಬಂದು ಪಾದ ಮೇಲೆದ್ದಿತು. ಹಸಿ ಕಬ್ಬು ಮುರಿದಂಥ ಶಬ್ದ.

ಗೋಲು ಆಗಲಿಲ್ಲ, ನಾವು ಗೆದ್ದೆವು. ಆರಿಸುವವರು ಬರುವಾಗ ಒಬ್ಬನನ್ನು ಕರೆದೊಯ್ಯಬೇಕೆಂದಿದ್ದರು, ನನ್ನನ್ನು ಕರೆದರು. ಮರುದಿನ ಬೆಳಿಗ್ಗೆ ರೈಲು. ಆಸ್ಪತ್ರೆ ಸ್ಟೇಶನ್ನಿನಿಂದ ದೂರವೇನೂ ಇರಲಿಲ್ಲ. ಹೋಗಲಿಲ್ಲ. ಆಮೇಲೆ ಮೊದಲ ಸಲ ಮೈದಾನದಲ್ಲಿ ಬೀಳಬೇಕಾದ ಹೊತ್ತು ಬಂತು. ದೇಹ ಬಗ್ಗಲಿಲ್ಲ. ಅದೇ ನನ್ನ ತಾಳ್ಮೆ, ಅದೇ ನನ್ನ ಕ್ಲೀನ್ ಆಟ.

ನಸೀಮಾ ಕಮಲಾಪುರದ ಬಸ್ಸಿಗೆ ಹೊರಟವನಿಗೆ ಬಾಗಿಲಲ್ಲಿ ನಿಂತು ಹೇಳಿದಳು: "ಪೈಲೇ ಮಾಫಿ ಮಾಂಗೋ ಜೀ. ಮೈದಾನ್ ಕೀ ಬಾತ್ ಬಾದ್ ಮೇ."

ಮೊದಲು ಕ್ಷಮೆ, ಮೈದಾನದ ಮಾತು ಆಮೇಲೆ. ಹಾಗೆ ಮಾಡಿದ್ದರೆ ಅಷ್ಟೇ ಸಾಕಿತ್ತು. ಆದರೆ ಚೌಕಾಸಿ ಮಾಡುವವನಿಗೆ ಒಂದು ರೋಗವಿದೆ. ತನ್ನ ಕಡೆ ದುರ್ಬಲವಾದದ್ದನ್ನು ಮೊದಲು ಮೇಜಿನ ಮೇಲೆ ಇಡುವುದಿಲ್ಲ.

ಶರಣಪ್ಪ ತೋಟದಲ್ಲಿ ಗೊನೆ ಬಿಟ್ಟ ಗಿಡಗಳಿಗೆ ಗಳ ಆನಿಸುತ್ತಿದ್ದ. ಮೈ ತುಂಬಿಕೊಂಡಿದ್ದ, ತಲೆ ಅರ್ಧ ನೆರೆದಿತ್ತು. ಎಡಗಾಲು ಒಂದು ಚೂರು ಹಿಂದೆ ಉಳಿದು ಬರುತ್ತಿತ್ತು. ನನ್ನನ್ನು ನೋಡಿ ಗಳ ಬಿಡಲಿಲ್ಲ.

"ಬಾ ಖಾಜಾ. ಹದಿನೇಳು ವರ್ಷಕ್ಕ ದಾರಿ ಸಿಕ್ತೇನು?"

ನಾನು ಶುರು ಮಾಡಿದೆ. ಮಡ್ಡಿಯ ಕಲ್ಲು ನಾನೇ ಆರಿಸಿ ತೆಗೆಸುತ್ತೇನೆ, ಗೋಲಿನ ಕಂಬ ನಾನೇ ತರುತ್ತೇನೆ, ತೋಟದೊಳಗೆ ಒಂದು ಚೆಂಡೂ ಬಾರದಂತೆ ಬಲೆ ಕಟ್ಟಿಸುತ್ತೇನೆ, ಅಂಬಿಕಾಗೆ ಹೊಸ ಬೂಟು. ಒಂದರ ಮೇಲೊಂದು ಹೇಳುತ್ತಾ ಹೋದೆ. ಅವನು ಗಳಕ್ಕೆ ಹಗ್ಗ ಸುತ್ತಿ ಗಂಟು ಹಾಕಿ, ಗಂಟನ್ನು ಎಳೆದು ನೋಡಿ, "ತಗೋ" ಎಂದ.

"ಅಂದ್ರ?"

"ಮಡ್ಡಿ ತಗೋ ಅಂದ್ನಿ. ಆಡ್ರಿ."

"ಏನ್ ಕೊಡಬೇಕು?"

"ಕೇಳೀನೇನು ನಾ?"

ನಿಮಗೊಂದು ಮಾತು ಹೇಳುತ್ತೇನೆ. ಹೆಚ್ಚು ಬೆಲೆ ಹೇಳುವವನಿಗೆ ಹೆದರಬೇಡಿ, ಅವನು ಇಳಿಯುತ್ತಾನೆ. ಬೆಲೆಯನ್ನೇ ಹೇಳದವನ ಮುಂದೆ ಹುಷಾರಾಗಿರಿ. ಆ ದಿನ ಬಸ್ಸಿನಲ್ಲಿ ಮೈದಾನ ಸಿಕ್ಕವನ ಹಾಗೆ ನಾನು ಕೂತಿರಲಿಲ್ಲ. ಕ್ಷಮೆಯ ಮಾತು ಹೋದ ಹಾಗೇ ಜೇಬಿನಲ್ಲಿ ವಾಪಸ್ ಬಂದಿತ್ತು.

ಹುಡುಗಿಯರನ್ನು ಅಲ್ಲಿಗೆ ಒಯ್ಯುವ ದಾರಿ ಮಾತ್ರ ಚೆನ್ನಾಗಿ ಕುದುರಿತು. ಕಮಲಾಪುರದಿಂದ ನಸುಕಿನಲ್ಲಿ ಬಾಳೆಗೊನೆ ತುಂಬಿಕೊಂಡು ಒಂದು ಟೆಂಪೊ ನಗರದ ಮಾರ್ಕೆಟ್ಟಿಗೆ ಬಂದು ಇಳಿಸಿ ಖಾಲಿ ಹೋಗುತ್ತಿತ್ತು. ಖಾಲಿ ಹೋಗುವ ಗಾಡಿಯವನ ಹತ್ತಿರ ಮಾತಾಡುವುದು ಬಹಳ ಸುಲಭ. ಗೋಣಿಚೀಲ ಹಾಸಿ, ಒಣ ಬಾಳೆ ಎಲೆಯ ಮೇಲೆ ಹುಡುಗಿಯರು ಕೂರುತ್ತಿದ್ದರು, ಮೇಲೆ ತಾಡಪತ್ರಿ, ತಾಡಪತ್ರಿಯ ಮೇಲೆ ಮಳೆ. ಇಳಿದು ಹೋದ ಗೊನೆಗಳ ವಾಸನೆ ಗಾಡಿಯ ಹಲಗೆಗಳಲ್ಲೇ ಕೂತುಬಿಟ್ಟಿತ್ತು. ಒಂದು ತಾಸು ಅದೇ ವಾಸನೆಯಲ್ಲಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ, ಒಬ್ಬರನ್ನೊಬ್ಬರು ಕಾಡಿಸುತ್ತಾ ಹೋಗುತ್ತಿದ್ದರು. "ಸರ್, ಇವತ್ತ ನಾವ ಕಾಯಿ, ನಾಳೆ ಹಣ್ಣಾಗ್ತೀವಿ ನೋಡ್ರಿ" ಎನ್ನುತ್ತಿದ್ದಳು ರುಬೀನಾ.

ಮಡ್ಡಿ ಅಂಬಿಕಾ ಹೇಳಿದಂತೆಯೇ ಇತ್ತು. ಮಳೆ ನಿಂತ ಅರ್ಧ ತಾಸಿಗೆ ಕೆಂಪು ಮಣ್ಣು ನೀರು ಕುಡಿದು ಮೆತ್ತಗಾಗಿ ಸಿದ್ಧ. ವಾರಕ್ಕೆ ನಾಲ್ಕು ದಿನ ಅಲ್ಲೇ. ಶರಣಪ್ಪ ದಿನಾ ಬಂದು ಬದುವಿನ ಕಲ್ಲಿನ ಮೇಲೆ ಕೊಡೆ ಹಿಡಿದು ಕೂರುತ್ತಿದ್ದ. ಆಟ ಮುಗಿದ ಮೇಲೆ ಹುಡುಗಿಯರಿಗೆ ಒಂದು ಬುಟ್ಟಿ ಹಣ್ಣು ಇಟ್ಟು ಹೋಗುತ್ತಿದ್ದ. ನನ್ನ ಜೊತೆ ಮಾತಿಲ್ಲ. ನಾನು ಅವನ ಕಡೆ ಬೆನ್ನು ಮಾಡಿ ನಿಲ್ಲುವ ಜಾಗ ಹುಡುಕುತ್ತಿದ್ದೆ. ತೆರೆದ ಮಡ್ಡಿಯಲ್ಲಿ ಅಂಥ ಜಾಗ ಎಲ್ಲಿ?

ಹುಡುಗಿಯರಿಗೆ ನಾನು ಕಲಿಸಿದ್ದು ನನ್ನ ಆಟ. ನಿಲ್ಲು, ಕಾಯಿ, ಗೆರೆಯ ಕಡೆ ತಳ್ಳು, ನೆಲಕ್ಕೆ ಬೀಳಬೇಡ. ಶ್ರಾವಣದಲ್ಲಿ ಒಂದು ದಿನ ನಮ್ಮಲ್ಲೇ ಎರಡು ಭಾಗ ಮಾಡಿ ಆಡಿಸುತ್ತಿದ್ದೆ. ಒಬ್ಬಳು ಅಂಬಿಕಾಳನ್ನು ದಾಟಿ ಗೋಲಿನ ಕಡೆ ಹೊರಟಳು. ನಿಂತು ತಡೆಯುವ ದೂರ ಮೀರಿತ್ತು, ಜಾರಿದರೆ ಮಾತ್ರ ಸಿಗುತ್ತಿತ್ತು. ಅಂಬಿಕಾಳ ಭುಜ ಬಾಗಿದ್ದನ್ನು ಕಂಡು ನಾನು ಕಿರುಚಿದೆ: "ನಿಂದ್ರ! ಬೀಳಬ್ಯಾಡ!"

ನಿಂತಳು. ಗೋಲಾಯಿತು. ರುಬೀನಾ ಕಂಬಗಳ ಹಿಂದಿನಿಂದ ಚೆಂಡು ತರುತ್ತಾ, "ಸರ್ ಮಾತ ಕೇಳಿದ್ವಿ, ಗೋಲ ತಿಂದ್ವಿ" ಎಂದಳು.

ಶರಣಪ್ಪ ಕೊಡೆ ಮಡಚಿ ಎದ್ದು, ಕಾಲೆಳೆಯುತ್ತಾ ಮೈದಾನದ ನಡುವಿಗೇ ಬಂದ.

"ಅಕಿಗಿ ಅದ್ಯಾಕ ಕಲಸವಲ್ಲಿ?"

"ಅದ ಬೇಕಾಗಂಗಿಲ್ಲ ಶರಣಪ್ಪಾ. ಛಲೋ ಡಿಫೆಂಡರ್ ನಿಂತೇ ಆಡ್ತಾನ."

"ಟಿವಿಯವರಿಗಿ ಹೇಳು ಅದನ್ನ." ಅವನು ನನ್ನ ಮುಖವನ್ನೇ ನೋಡಿದ. "ನಿನ್ನ ಮ್ಯಾಚ್ ಬಂದಾಗೆಲ್ಲಾ ನೋಡೀನಿ ನಾ. ಎಲ್ಲಾರೂ ಸ್ಟೈಲ್ ಅಂದ್ರು, ತಾಳ್ಮಿ ಅಂದ್ರು. ನಮ್ಮ ಮನ್ಯಾಗ ಕುಂತು ನಾ ಒಬ್ಬಂವನೇ ಅಂದೀನಿ, ಮಗ ಅಂಜ್ಯಾನ ಅಂತ."

ಹದಿನಾರು ವರ್ಷ, ಎಷ್ಟೋ ಕೋಚ್‌ಗಳು, ಎಷ್ಟೋ ಪೇಪರಿನವರು. ಒಬ್ಬರಿಗೂ ಕಾಣದ್ದು ಕಮಲಾಪುರದಲ್ಲಿ ಟಿವಿ ಮುಂದೆ ಕೂತವನಿಗೆ ಕಂಡಿತ್ತು.

"ಆವತ್ತಿಂದ ಒಮ್ಮಿನೂ ಬಿದ್ದಿಲ್ಲ" ಎಂದೆ. "ಆಸ್ಪತ್ರಿಗಿ ಬರಬೇಕಿತ್ತು ನಾ."

"ಹೌದು, ಬರಬೇಕಿತ್ತು. ದಾರಿ ನೋಡೀನಿ ನಾ ಎರಡ ದಿನ." ಅವನ ದನಿ ಏರಲಿಲ್ಲ. "ಕಾಲಿಂದು ಬ್ಯಾರೆ ಮಾತು, ಕೇಳು. ನೀ ಜಾರಿ ಬರೋದು ನನಗ ಕಂಡಿತ್ತು. ಕಾಲ ಎತ್ತಬೇಕಂದ್ನಿ, ಬರಲಿಲ್ಲ. ಎರಿ ಹಿಡಕೊಂಡ ಕುಂತಿತ್ತು. ರೈತನ ಮಗ ಆಗಿ ನಾ ಹಸಿ ನೋಡಲಾರದೆ ಇಳದಿನಿ. ನೀನೂ ನೋಡಲಿಲ್ಲ. ಅದೆಲ್ಲಾ ನೀ ಒಬ್ಬನೇ ಹೊತ್ಕೊಂಡ ತಿರಗಲಾಕತ್ತೀಯಲ್ಲ, ಯಾರ ಹೇಳ್ಯಾರ ನಿನಗ? ಸ್ಟೇಶನ್ ಬಜಾರದಂವ ಇದ್ದೀದಿ, ಎಲ್ಲಾದಕ್ಕೂ ಚೌಕಾಸಿ ಮಾಡ್ತಿ. ಇದೊಂದ ಹೇಳಿದ ಬೆಲಿಗೇ ತಗೊಂಡ ಹೋಗೀದಿ ನೋಡು."

ಹುಡುಗಿಯರು ಸುತ್ತ ನಿಂತಿದ್ದರು. ಅಂಬಿಕಾ ಅಪ್ಪನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಅಪ್ಪನ ಕಾಲು ಮುರಿದವರು ಯಾರು ಎಂದು ಅವನು ಮನೆಯಲ್ಲಿ ಹೇಳಿರಲೇ ಇಲ್ಲವೆಂದು ಆಗ ನನಗೆ ತಿಳಿಯಿತು.

"ಅರ್ಧಾ ನಂದು" ಎಂದ ಶರಣಪ್ಪ. "ಬರಲಾರದ್ದು ಮಾತ್ರ ಪೂರಾ ನಿಂದು. ಅದಕ್ಕ ಬೆಲಿ ಹೇಳ್ತೀನಿ ಈಗ. ನನ್ನ ಮಗಳಿಗಿ ಸ್ಲೈಡಿಂಗ್ ಕಲಸು. ನಾಳೆ ಅಲ್ಲ. ನಾ ಚೆಂಡ ತಗೊಂಡ ಬರ್ತೀನಿ, ನೀ ಬಿದ್ದು ತಗೀ. ಅಕಿ ನೋಡ್ಲಿ."

"ಹುಚ್ಚ ಹಿಡದದೇನು ನಿನಗ? ಆ ಕಾಲಿನ್ಯಾಗ..."

"ಕಾಲ ನಂದು. ಮಡ್ಡಿನೂ ನಂದು."

ಚಪ್ಪಲಿ ಬಿಟ್ಟ, ಪ್ಯಾಂಟು ಮೊಣಕಾಲಿನವರೆಗೆ ಮಡಚಿದ. ಎಡಗಾಲಿನ ಮೇಲೆ ಹಳೆಯ ಗಾಯದ ಗೆರೆ ಇತ್ತು. ಅದನ್ನು ನಾನು ಮೊದಲ ಸಲ ನೋಡಿದೆ. ಬಗ್ಗಿ ಕೆಂಪು ಮಣ್ಣಿಗೆ ಬೆರಳು ಒತ್ತಿದೆ. ಒಳಗಿನವರೆಗೂ ಒಂದೇ ಹದ. ಬೆರಳು ಸಲೀಸಾಗಿ ಹೊರಗೆ ಬಂತು.

ಅವನು ಇಪ್ಪತ್ತು ಹೆಜ್ಜೆ ದೂರ ಹೋಗಿ ತಿರುಗಿದ. ಆ ದಪ್ಪ ಮೈ, ಆ ಎಳೆಯುವ ಕಾಲು. ಆದರೆ ಚೆಂಡು ಮಾತ್ರ ಅವನ ಪಾದಕ್ಕೆ ಅಂಟಿದ ಹಾಗೆ ಬಂತು. ಭುಜ ಎಡಕ್ಕೆ ಹಾಕಿ ಬಲಕ್ಕೆ ಹೊರಟ, ಹದಿನೇಳು ವರ್ಷದ ಹಿಂದೆ ನನ್ನನ್ನು ದಾಟಿದ್ದೂ ಅದೇ ತಿರುವಿನಲ್ಲಿ. ನಾನು ದಾಟಲು ಬಿಟ್ಟೆ. ಬೆನ್ನಟ್ಟಿದೆ. ಬೀಳಬೇಕಾದ ಹೆಜ್ಜೆ ಬಂತು. ದೇಹ ಎಂದಿನಂತೆ ಬೇಡವೆಂದಿತು.

"ಬೀಳೋ ಖಾಜ್ಯಾ!" ಎಂದು ಓಡುತ್ತಲೇ ಕೂಗಿದ ಶರಣಪ್ಪ.

ಬಿದ್ದೆ.

ಹೇಗೆ ಬೀಳಬೇಕೆಂದು ಆಮೇಲೆ ನೂರು ಸಲ ಹುಡುಗಿಯರಿಗೆ ಹೇಳಿದ್ದೇನೆ. ಹಾರಬೇಡಿ, ಕೂತುಕೊಳ್ಳುವ ಹಾಗೆ ಇಳಿಯಿರಿ. ಒಂದು ಕಾಲು ಮಡಚಿ ಅದರ ಮೇಲೆ ಜಾರಿ. ಚಾಚಿದ ಪಾದದ ಹಿಮ್ಮಡಿ ನೆಲ ಬಿಡಬಾರದು. ಆವತ್ತು ಇದೊಂದೂ ನೆನಪಿರಲಿಲ್ಲ. ಮಸಾರಿ ನನ್ನನ್ನು ಎಲ್ಲೂ ಹಿಡಿಯದೆ ಬಿಟ್ಟುಕೊಟ್ಟಿತು. ತಣ್ಣನೆಯ ಕೆಸರು ಮೊಣಕಾಲಿನಿಂದ ಸೊಂಟದವರೆಗೆ ಏರಿತು, ಪಾದಕ್ಕೆ ಚೆಂಡು ಟಪ್ಪೆಂದು ತಾಗಿತು. ಬೇರೇನೂ ತಾಗಲಿಲ್ಲ. ಕಣ್ಣು ಮುಚ್ಚಿದ್ದೆ. ಶಬ್ದಕ್ಕೆ ಕಾದೆ.

ಬಂದದ್ದು ನಗು. ಕಣ್ಣು ತೆರೆದರೆ ಶರಣಪ್ಪ ನನ್ನನ್ನು ದಾಟಿ ಆಚೆ ಎರಡೂ ಕಾಲಿನ ಮೇಲೆ ನಿಂತಿದ್ದ. "ಎತ್ತಿನಿ ನೋಡು!" ಎಂದು ಎಡಗಾಲು ತಟ್ಟಿ ತೋರಿಸಿದ. "ಬಂತು! ಮಸಾರಿ ಬಿಡ್ತು!"

ನಾನು ಏಳಲಿಲ್ಲ. ಎದ್ದರೆ ಹುಡುಗಿಯರಿಗೆ ಮುಖ ತೋರಿಸಬೇಕಾಗುತ್ತಿತ್ತು. ಹಾಗೇ ಮಳೆಯ ಆಕಾಶ ನೋಡುತ್ತಾ ಮಲಗಿದ್ದೆ, ಎದೆಯ ಮೇಲಿನಿಂದ ಗೊನೆ ಇಳಿಸಿದ ಹಾಗಿತ್ತು. ಶರಣಪ್ಪ ಬಂದು ಕೈ ಕೊಟ್ಟು ಎಬ್ಬಿಸಿ, ಸುತ್ತ ನೋಡಿ, "ಚೆಂಡ ಎಲ್ಲಿ ಹೋತು?" ಎಂದ. ತೋಟದೊಳಗೆ ಹೋಗಿತ್ತು. ಬಲೆ ಕಟ್ಟಿಸುತ್ತೇನೆ ಎಂದವನು ನಾನು ಇನ್ನೂ ಕಟ್ಟಿಸಿರಲಿಲ್ಲ.

ನಸೀಮಾ ಆ ದಿನ ನನ್ನ ಪ್ಯಾಂಟು ತೆಗೆದುಕೊಂಡಳು. ಬಕೆಟ್ಟಿನಲ್ಲಿ ನೆನೆಸುತ್ತಾ, ಕೆಂಪು ಬಣ್ಣದ ನೀರು ನೋಡುತ್ತಾ, "ಮಾಫಿ ಮಿಲೀ?" ಎಂದಳು. "ಆಧೀ" ಎಂದೆ.

ಉಳಿದ ಅರ್ಧಕ್ಕೆ ಆ ಮಳೆಗಾಲ ಪೂರ್ತಿ ದುಡಿದೆ. ಅಂಬಿಕಾ ಮೂರು ವಾರದಲ್ಲಿ ಕಲಿತಳು. ನಾಲ್ಕನೆಯ ವಾರದಲ್ಲಿ ನನಗಿಂತ ಚೆನ್ನಾಗಿ ಜಾರುತ್ತಿದ್ದಳು.

ಮಳೆ ಮುಗಿದು ವಿಭಾಗ ಮಟ್ಟದ ಪಂದ್ಯಗಳು ಬಂದವು. ಬೂಟು ಹಾಕುವ ಮೊದಲು ಹದಿನೆಂಟೂ ಹುಡುಗಿಯರು ಬಗ್ಗಿ ನೆಲಕ್ಕೆ ಬೆರಳು ಒತ್ತಿ ನೋಡಿದರು. ಎದುರು ತಂಡದವರು ಏನೋ ಪೂಜೆ ಎಂದುಕೊಂಡು ತಾವೂ ಮಾಡಿದರು. ಎರಡನೆಯ ಪಂದ್ಯ, ಒಂದೊಂದು ಗೋಲಿನಲ್ಲಿ ಸಮ, ಕೊನೆಯ ನಿಮಿಷಗಳು. ಗೆದ್ದರೆ ತಂಡ ಉಳಿಯುತ್ತದೆ. ಶರಣಪ್ಪ ನನ್ನ ಪಕ್ಕದಲ್ಲೇ ಗೆರೆಯ ಹತ್ತಿರ ನಿಂತಿದ್ದ. ಎದುರಿನ ಉದ್ದನೆಯ ಹುಡುಗಿ ಅಂಬಿಕಾಳನ್ನು ದಾಟಿ ಹೊರಟಳು. ಅಂಬಿಕಾಳ ಭುಜ ಬಾಗಿತು. ನಾನು ಬಾಯಿ ತೆರೆದೆ. ಏನೂ ಕೂಗಲಿಲ್ಲ.

ಜಾರಿದಳು. ಧೂಳು ಎದ್ದಿತು. ನಾನು ಆ ಉದ್ದನೆಯ ಹುಡುಗಿಯ ಕಾಲನ್ನೇ ನೋಡುತ್ತಿದ್ದೆ. ಬಿದ್ದಿದ್ದಳು. ಒಂದು ಕೈ ಊರಿದಳು, ಮೊಣಕಾಲು ಮಡಚಿದಳು, ಎದ್ದು ನಿಂತಳು, ಎರಡು ಹೆಜ್ಜೆ ಓಡಿದಳು.

"ಎದ್ದಳು" ಎಂದೆ.

"ಎದ್ದಳು" ಎಂದ ಶರಣಪ್ಪ. ಅವನೂ ಅಲ್ಲೇ ನೋಡುತ್ತಿದ್ದ. ನನ್ನ ತೋಳನ್ನು ಎಷ್ಟು ಹೊತ್ತಿನಿಂದ ಹಿಡಿದಿದ್ದನೋ, ಆಗ ಬಿಟ್ಟ.

ಅಷ್ಟರಲ್ಲಿ ನಮ್ಮ ಹುಡುಗಿಯರೆಲ್ಲ ಆ ತುದಿಯಲ್ಲಿ, ಎದುರು ತಂಡದ ಗೋಲಿನ ಮುಂದೆ, ಒಬ್ಬರ ಮೇಲೊಬ್ಬರು ಬಿದ್ದು ಕಿರುಚುತ್ತಿದ್ದರು, ರುಬೀನಾ ತನ್ನ ಗೋಲು ಬಿಟ್ಟು ಅತ್ತ ಓಡುತ್ತಿದ್ದಳು. ಏನಾಯಿತೆಂದು ನಾವಿಬ್ಬರೂ ನೋಡಿರಲಿಲ್ಲ.

"ಚೆಂಡ ಎಲ್ಲಿ ಹೋತು?" ಎಂದು ಶರಣಪ್ಪ ನನ್ನನ್ನೇ ಕೇಳಿದ.